ಎಷ್ಟು ಬೆಳಕು ಸಾಕು?

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲಕ್ಕಿಳಿಯಿತು. ವಾರದ ಬಳಿಕ, ಆಗಸ್ಟ್ 30ರಂದು, ಪ್ರಜ್ಞಾನ್ ರೋವರ್ ತನ್ನನ್ನು ಹೊತ್ತು ತಂದ ಲ್ಯಾಂಡರಿನದೇ ಫೋಟೊ ತೆಗೆದು ಭೂಮಿಗೆ ಕಳಿಸಿತು. ಆ ಫೋಟೊ ತೆಗೆದ ನ್ಯಾವಿಗೇಶನ್ ಕ್ಯಾಮೆರಾವನ್ನು ರೂಪಿಸಿದ್ದು ಬೆಂಗಳೂರಿನಲ್ಲಿರುವ ಇಸ್ರೋದ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯ. ಚಂದ್ರನ ಮೇಲಿಂದ ಬಂದ ಚಿತ್ರಗಳನ್ನು ನೋಡಿದ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಆಕಾಶ ಅಷ್ಟು ಕಪ್ಪಗಿದ್ದರೂ ಒಂದು ನಕ್ಷತ್ರವೂ ಯಾಕೆ ಕಾಣುವುದಿಲ್ಲ? 1969ರಲ್ಲಿ ಅಪೊಲೊ 11ರ ಗಗನಯಾತ್ರಿಗಳು ಅಲ್ಲಿ ತೆಗೆದ ಫೋಟೊಗಳಲ್ಲೂ ನಕ್ಷತ್ರಗಳಿಲ್ಲ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟೇ ಇಲ್ಲ ಎಂದು ವಾದಿಸುವವರು ದಶಕಗಳಿಂದ ಇದನ್ನೇ ಸಾಕ್ಷಿಯಾಗಿ ಮುಂದೊಡ್ಡುತ್ತ ಬಂದಿದ್ದಾರೆ.

ಉತ್ತರ ಕ್ಯಾಮೆರಾದೊಳಗಿದೆ. ಚಂದ್ರನ ನೆಲಕ್ಕೆ ಬೀಳುವುದು ನಮ್ಮ ಅಂಗಳಕ್ಕೆ ಬೀಳುವ ಅದೇ ಬಿಸಿಲು. ನಡುವೆ ವಾತಾವರಣದ ತಡೆಯಿಲ್ಲದ್ದರಿಂದ ಇನ್ನಷ್ಟು ಪ್ರಖರ. ಅಂಥ ಬಿಸಿಲಿನಲ್ಲಿ ಅಪೊಲೊ ಯಾತ್ರಿಗಳು ಶಟರನ್ನು ತೆರೆಯುತ್ತಿದ್ದುದು ಸೆಕೆಂಡಿನ 250ನೇ ಒಂದು ಭಾಗದಷ್ಟು ಹೊತ್ತು ಮಾತ್ರ. ನಕ್ಷತ್ರಗಳು ಚೆನ್ನಾಗಿ ಮೂಡಬೇಕಾದರೆ ಶಟರ್ ಹತ್ತಿಪ್ಪತ್ತು ಸೆಕೆಂಡು ತೆರೆದಿರಬೇಕು. 20 ಸೆಕೆಂಡು ಎಂದರೆ 5,000 ಪಟ್ಟು ಹೆಚ್ಚು ಹೊತ್ತು. ಅಷ್ಟು ಹೊತ್ತು ತೆರೆದಿಟ್ಟರೆ ನಕ್ಷತ್ರಗಳು ಬರುತ್ತವೆ, ಆದರೆ ನೆಲ, ನೌಕೆ, ಗಗನಯಾತ್ರಿ ಎಲ್ಲವೂ ಬರೀ ಬಿಳುಪಾಗಿ ಅಳಿಸಿಹೋಗುತ್ತವೆ. ಎರಡನ್ನೂ ಒಂದೇ ಕ್ಲಿಕ್ಕಿನಲ್ಲಿ ಹಿಡಿಯಲಾಗದು. ಯಾವುದು ಬೇಕೆಂದು ಮೊದಲೇ ತೀರ್ಮಾನಿಸಬೇಕು.

ಎಕ್ಸ್‌ಪೋಷರಿನ ತಿರುಳು ಈ ತೀರ್ಮಾನವೇ. ಎದುರಿನಿಂದ ಎಷ್ಟು ಬೆಳಕು ಬರುತ್ತಿದೆ ಎಂಬುದನ್ನು ಇಂದಿನ ಡಿಜಿಟಲ್ ಕ್ಯಾಮೆರಾ ಬಹಳ ನಿಖರವಾಗಿ ಅಳೆಯುತ್ತದೆ. ಆ ಬೆಳಕು ಎಂಥ ವಸ್ತುವಿನಿಂದ ಬಂತು, ಅದು ಚಿತ್ರದಲ್ಲಿ ಎಷ್ಟು ಬೆಳ್ಳಗೆ ಅಥವಾ ಎಷ್ಟು ಕಪ್ಪಗೆ ಕಾಣಬೇಕು ಎಂಬುದನ್ನು ಹೇಳಬೇಕಾದವರು ನಾವು. ಅದನ್ನು ಹೇಳಲು ಕಲಿತವರ ಕೈಯಲ್ಲಿ ಸಾಧಾರಣ ಕ್ಯಾಮೆರಾ ಕೂಡ ಒಳ್ಳೆಯ ಚಿತ್ರ ಕೊಡುತ್ತದೆ.

ಐದು ಲಕ್ಷ ಪಟ್ಟಿನ ಅಂತರ

ನಡುಹಗಲಿನ ನೇರ ಬಿಸಿಲಿನಲ್ಲಿ ನೆಲದ ಮೇಲೆ ಬೀಳುವ ಬೆಳಕು ಸುಮಾರು 1,00,000 ಲಕ್ಸ್. ರಾತ್ರಿ ಟ್ಯೂಬ್‌ಲೈಟ್ ಹಾಕಿದ ನಡುಮನೆಯಲ್ಲಿ ಅದು 100-200 ಲಕ್ಸ್. ಹುಣ್ಣಿಮೆಯ ಬೆಳದಿಂಗಳಿನಲ್ಲಿ 0.2 ಲಕ್ಸ್ ಆಸುಪಾಸು. ಬಿಸಿಲಿಗೂ ಬೆಳದಿಂಗಳಿಗೂ ಇರುವ ಅಂತರ ಐದು ಲಕ್ಷ ಪಟ್ಟು. ಆದರೂ ನಾವು ಎರಡರಲ್ಲೂ ದಾರಿ ಕಂಡುಕೊಂಡು ನಡೆಯುತ್ತೇವೆ. ಕಣ್ಣಿನ ಪಾಪೆ ಹಿಗ್ಗುತ್ತದೆ, ಕುಗ್ಗುತ್ತದೆ. ಅಕ್ಷಿಪಟಲ ತನ್ನ ಸೂಕ್ಷ್ಮತೆಯನ್ನು ಬದಲಿಸಿಕೊಳ್ಳುತ್ತದೆ. ಉಳಿದದ್ದನ್ನು ಮೆದುಳು ಸರಿದೂಗಿಸುತ್ತದೆ. ಅಂಗಳದಿಂದ ಒಳಮನೆಗೆ ಬಂದಾಗ ಬೆಳಕು ನೂರಾರು ಪಟ್ಟು ಕಡಿಮೆಯಾಗಿರುತ್ತದೆ; ನಮಗೆ ಮಾತ್ರ 'ಸ್ವಲ್ಪ ಮಬ್ಬು' ಎನಿಸುತ್ತದೆ. ಬೆಳಕಿನ ಪ್ರಮಾಣವನ್ನು ಅಂದಾಜು ಮಾಡುವುದರಲ್ಲಿ ನಮ್ಮ ಕಣ್ಣು ಇಷ್ಟು ಕೆಟ್ಟದ್ದಾಗಿರುವುದು ಅದು ನೋಡುವುದರಲ್ಲಿ ಅಷ್ಟು ಒಳ್ಳೆಯದಾಗಿರುವುದರಿಂದಲೇ.

ಬೆಳಕು ಇಮ್ಮಡಿಯಾದಾಗಲೆಲ್ಲ ಕಣ್ಣಿಗೆ ಸರಿಸುಮಾರು ಒಂದೇ ಸಮನಾದ ಏರಿಕೆ ಕಂಡಂತಾಗುತ್ತದೆ. ಫೋಟೊಗ್ರಾಫರುಗಳ ಅಳತೆಯೂ ಇದನ್ನೇ ಅನುಸರಿಸುತ್ತದೆ. ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್ ಹೆಚ್ಚು, ಅರ್ಧವಾದರೆ ಒಂದು ಸ್ಟಾಪ್ ಕಡಿಮೆ. ಎರಡು ಸ್ಟಾಪ್ ಎಂದರೆ ನಾಲ್ಕು ಪಟ್ಟು, ಹತ್ತು ಸ್ಟಾಪ್ ಎಂದರೆ 1,024 ಪಟ್ಟು. ಬಿಸಿಲಿನಿಂದ ಬೆಳದಿಂಗಳಿಗೆ ಹತ್ತೊಂಬತ್ತು ಸ್ಟಾಪಿನ ದೂರ. ಒಳ್ಳೆಯ ಕ್ಯಾಮೆರಾದ ಸೆನ್ಸರ್ ಒಂದು ಚಿತ್ರದಲ್ಲಿ ಹಿಡಿಯಬಲ್ಲ ವ್ಯಾಪ್ತಿ ಹೆಚ್ಚೆಂದರೆ ಹದಿನಾಲ್ಕು ಸ್ಟಾಪಿನ ಸುತ್ತಮುತ್ತ. ಬೆಳಗಿನ ಬಿಸಿಲು ನುಗ್ಗುವ ಬಾಗಿಲು, ಆ ಬಾಗಿಲ ಪಕ್ಕದ ಕತ್ತಲ ಮೂಲೆಯಲ್ಲಿ ಕುಳಿತ ಅಜ್ಜಿ, ಎರಡೂ ಒಂದೇ ಚೌಕಟ್ಟಿನಲ್ಲಿ ಬರಬೇಕೆಂದರೆ ಸೆನ್ಸರಿನ ಶಕ್ತಿ ಅಲ್ಲಿಗೆ ತೀರಿಹೋಗಬಹುದು.

ಮೂರು ಹಿಡಿಕೆಗಳು

1890ರಲ್ಲಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಫರ್ಡಿನಾಂಡ್ ಹರ್ಟರ್ ಮತ್ತು ವೀರೋ ಡ್ರಿಫೀಲ್ಡ್ ಎಂಬಿಬ್ಬರು ಫೋಟೊ ತಟ್ಟೆ ಎಷ್ಟು ಬೆಳಕಿಗೆ ಎಷ್ಟು ಕಪ್ಪಾಗುತ್ತದೆಂದು ಅಳೆದು, ರೇಖಾಚಿತ್ರದಲ್ಲಿ ಬರೆದು ಪ್ರಕಟಿಸಿದರು. ಅದುವರೆಗೆ ಅನುಭವಿಗಳ ಕೈಚಳಕವಾಗಿದ್ದ ಎಕ್ಸ್‌ಪೋಷರ್ ಅಂದಿನಿಂದ ಲೆಕ್ಕಕ್ಕೆ ಸಿಕ್ಕಿತು. ಲೆಕ್ಕ ಸರಳ: ತಟ್ಟೆಯ ಮೇಲೆ ಬೀಳುವ ಬೆಳಕಿನ ತೀವ್ರತೆಯನ್ನು ಅದು ಬೀಳುವ ಕಾಲದಿಂದ ಗುಣಿಸಿದರೆ ಬರುವುದೇ ಎಕ್ಸ್‌ಪೋಷರ್. ತಟ್ಟೆಯ ಜಾಗಕ್ಕೆ ಫಿಲ್ಮ್ ಬಂತು, ಫಿಲ್ಮಿನ ಜಾಗಕ್ಕೆ ಸಿಲಿಕಾನ್ ಬಂತು. ಲೆಕ್ಕ ಮಾತ್ರ ಅದೇ ಉಳಿದಿದೆ.

ತೀವ್ರತೆಯನ್ನು ಹಿಡಿತದಲ್ಲಿಡುವುದು ಅಪರ್ಚರ್, ಅಂದರೆ ಲೆನ್ಸಿನೊಳಗಿನ ಕಂಡಿ. 50 ಮಿಲಿಮೀಟರ್ ಲೆನ್ಸಿನಲ್ಲಿ ಎಫ್/2 ಎಂದರೆ ಕಂಡಿಯ ಅಗಲ 25 ಮಿಲಿಮೀಟರ್. ಎಫ್/4 ಎಂದರೆ 12.5 ಮಿಲಿಮೀಟರ್. ನಾಭಿದೂರವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಅಗಲ ಸಿಗುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಕಂಡಿ ಚಿಕ್ಕದು ಎಂಬ ಹೊಸಬರ ಗೊಂದಲಕ್ಕೆ ಇದೇ ಉತ್ತರ. ಲೆನ್ಸಿನ ಮೇಲಿನ 1.4, 2, 2.8, 4, 5.6, 8, 11, 16 ಎಂಬ ಸಾಲೂ ಮನಬಂದಂತೆ ಬಂದದ್ದಲ್ಲ. ಪ್ರತಿ ಸಂಖ್ಯೆಯೂ ಹಿಂದಿನದರ 1.4 ಪಟ್ಟು, ಅಂದರೆ ಎರಡರ ವರ್ಗಮೂಲದಷ್ಟು. ಅಗಲ ಅಷ್ಟು ಕುಗ್ಗಿದರೆ ವೃತ್ತದ ವಿಸ್ತೀರ್ಣ ಸರಿಯಾಗಿ ಅರ್ಧವಾಗುತ್ತದೆ, ಬೆಳಕು ಒಂದು ಸ್ಟಾಪ್ ಇಳಿಯುತ್ತದೆ. ಕಂಡಿ ದೊಡ್ಡದಾದಾಗ ಫೋಕಸಿನ ಆಳ ತೆಳ್ಳಗಾಗಿ ಹಿನ್ನೆಲೆ ಕರಗುತ್ತದೆ. ಚಿಕ್ಕದಾದಾಗ ಹತ್ತಿರದ ಹೂವೂ ದೂರದ ಬೆಟ್ಟವೂ ಚೊಕ್ಕವಾಗಿ ಬರುತ್ತವೆ.

ಕಾಲವನ್ನು ಹಿಡಿತದಲ್ಲಿಡುವುದು ಶಟರ್. ಹಾರುವ ಹಕ್ಕಿಯ ರೆಕ್ಕೆ ನಿಲ್ಲಬೇಕಾದರೆ 1/2000 ಸೆಕೆಂಡು ಬೇಕಾದೀತು; ಜಲಪಾತದ ನೀರು ರೇಷ್ಮೆಯಂತೆ ಇಳಿಯಬೇಕಾದರೆ ಅರ್ಧ ಸೆಕೆಂಡು. ಭಾರತದಲ್ಲಿ ಫೋಟೊ ತೆಗೆಯುವವರು ಇನ್ನೊಂದು ವಿಷಯ ನೆನಪಿಡಬೇಕು. ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದು. ಹಾಗಾಗಿ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ಕಲ್ಯಾಣ ಮಂಟಪದ ಎಲ್‌ಇಡಿ ಬೆಳಕಿನಲ್ಲಿ ಶಟರನ್ನು 1/500ಕ್ಕೆ ಇಟ್ಟರೆ ಒಂದು ಫೋಟೊ ಬೆಳ್ಳಗೆ, ಅದರ ಬೆನ್ನಿಗೆ ತೆಗೆದದ್ದು ಮಂಕಾಗಿ, ಮತ್ತೊಂದರಲ್ಲಿ ಅಡ್ಡಪಟ್ಟೆಗಳು ಹೀಗೆಲ್ಲ ಬರುವುದು ಇದರಿಂದ. 1/100 ಅಥವಾ 1/50ಕ್ಕೆ ಇಳಿಸಿದರೆ ದೀಪದ ಪೂರ್ಣ ಏರಿಳಿತ ಪ್ರತಿ ಚಿತ್ರಕ್ಕೂ ಸಮನಾಗಿ ದಕ್ಕುತ್ತದೆ, ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಮೂರನೆಯದು ಐಎಸ್‌ಒ. ಇದು ಬೆಳಕಿನ ಪ್ರಮಾಣವನ್ನು ಬದಲಿಸುವುದಿಲ್ಲ. ಸೆನ್ಸರ್ ಸಂಗ್ರಹಿಸಿದ ಸಂಕೇತವನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಎಂಬುದನ್ನಷ್ಟೇ ಹೇಳುತ್ತದೆ. ಈ ವ್ಯತ್ಯಾಸ ಮುಂದೆ ಮುಖ್ಯವಾಗುತ್ತದೆ.

ಮೂರೂ ಸ್ಟಾಪಿನ ಭಾಷೆಯಲ್ಲೇ ಮಾತಾಡುವುದರಿಂದ ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದರಲ್ಲಿ ಹಿಂತೆಗೆಯಬಹುದು. ಎಫ್/8ರಲ್ಲಿ 1/250, ಎಫ್/5.6ರಲ್ಲಿ 1/500, ಎಫ್/4ರಲ್ಲಿ 1/1000: ಮೂರರಲ್ಲೂ ಸೆನ್ಸರಿಗೆ ಸೇರುವ ಬೆಳಕು ಒಂದೇ. ಬೆಳಕನ್ನು ಅಳೆಯುವ ಮೀಟರ್ ಇಲ್ಲದ ಕಾಲದಿಂದ ಉಳಿದು ಬಂದ ಬಿಸಿಲಿನ ಸೂತ್ರವೊಂದಿದೆ. ನಿಚ್ಚಳ ಬಿಸಿಲಿನಲ್ಲಿ ಕಂಡಿ ಎಫ್/16, ಶಟರ್ ಐಎಸ್‌ಒ ಸಂಖ್ಯೆಯ ವಿಲೋಮ. ಐಎಸ್‌ಒ 100 ಆದರೆ 1/100. ಮೈಸೂರಾಗಲಿ ಮಾಸ್ಕೊ ಆಗಲಿ, ಸೂರ್ಯ ಎತ್ತರದಲ್ಲಿರುವಾಗ ಈ ಸೂತ್ರ ಹೆಚ್ಚು ತಪ್ಪುವುದಿಲ್ಲ, ಏಕೆಂದರೆ ದೀಪ ಒಂದೇ.

ಸಿಲಿಕಾನಿನ ಮೇಲೆ ಫೋಟಾನ್ ಮಳೆ

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಸಾಧನವನ್ನು ಕಲ್ಪಿಸಿದರು. ಬೆಳಕನ್ನು ವಿದ್ಯುದಂಶವಾಗಿ ಹಿಡಿದಿಟ್ಟು ಸಾಲಾಗಿ ಓದುವ ಆ ಚಿಪ್ಪಿಗೆ 2009ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. 1990ರ ದಶಕದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಎರಿಕ್ ಫಾಸಮ್ ತಂಡ ಬೆಳೆಸಿದ ಸಿಮಾಸ್ ಸೆನ್ಸರುಗಳು ಇಂದು ಪ್ರತಿ ಮೊಬೈಲಿನಲ್ಲೂ ಇವೆ. ಎರಡರ ಮೂಲತತ್ತ್ವ ಒಂದೇ. ಫೋಟಾನ್ ಸಿಲಿಕಾನಿಗೆ ಬಡಿದು ಒಂದು ಎಲೆಕ್ಟ್ರಾನನ್ನು ಬಿಡಿಸುತ್ತದೆ. ಎಕ್ಸ್‌ಪೋಷರ್ ಮುಗಿದ ಮೇಲೆ ಪ್ರತಿ ಪಿಕ್ಸೆಲಿನಲ್ಲಿ ಎಷ್ಟು ಎಲೆಕ್ಟ್ರಾನುಗಳು ಕೂಡಿವೆ ಎಂದು ಎಣಿಸಲಾಗುತ್ತದೆ.

ಮಳೆಗಾಲದಲ್ಲಿ ಹಂಚಿನ ಮನೆಯ ಸೂರಿನಡಿ ಸಾಲಾಗಿಟ್ಟ ಬಿಂದಿಗೆಗಳನ್ನು ನೆನೆಸಿಕೊಳ್ಳಿ. ಒಂದೊಂದರಲ್ಲಿ ಎಷ್ಟು ನೀರು ತುಂಬಿತೆಂದು ನೋಡಿ ಎಲ್ಲೆಲ್ಲಿ ಎಷ್ಟು ಸುರಿಯಿತೆಂದು ಹೇಳಬಹುದು. ಆದರೆ ಬಿಂದಿಗೆ ತುಂಬಿ ಹರಿದ ಮೇಲೆ ಆ ಜಾಗದಲ್ಲಿ ಒಂದು ಬಿಂದಿಗೆ ಸುರಿಯಿತೋ ಹತ್ತು ಸುರಿಯಿತೋ ತಿಳಿಯುವ ದಾರಿಯೇ ಇಲ್ಲ. ಪಿಕ್ಸೆಲ್ಲಿಗೂ ಹೀಗೇ ಒಂದು ಕಂಠಮಟ್ಟವಿದೆ. ದೊಡ್ಡ ಸೆನ್ಸರಿನ ಪಿಕ್ಸೆಲ್ಲಿನಲ್ಲಿ ಹತ್ತಾರು ಸಾವಿರ ಎಲೆಕ್ಟ್ರಾನುಗಳು ಹಿಡಿಸುತ್ತವೆ. ಮೊಬೈಲಿನ ಪುಟ್ಟ ಪಿಕ್ಸೆಲ್ಲಿನಲ್ಲಿ ಕೆಲವು ಸಾವಿರ. ಮಟ್ಟ ಮೀರಿದಲ್ಲೆಲ್ಲ ಚಿತ್ರದಲ್ಲಿ ಉಳಿಯುವುದು ಬರೀ ಬಿಳುಪು. ಮೋಡದ ಅಂಚು, ಬಿಳಿ ಪಂಚೆಯ ಮಡಿಕೆ, ಜೋಗದ ನೊರೆಯ ಎಳೆ ಒಮ್ಮೆ ಹೀಗೆ ಹೋದರೆ ಯಾವ ಸಾಫ್ಟ್‌ವೇರೂ ಅದನ್ನು ಮರಳಿ ತರಲಾರದು. ನೆಗೆಟಿವ್ ಫಿಲ್ಮಿನ ಸ್ವಭಾವ ಬೇರೆಯಿತ್ತು. ಅದು ಹೆಚ್ಚಿನ ಬೆಳಕನ್ನು ನಿಧಾನವಾಗಿ, ಮಣಿಯುತ್ತ ಸ್ವೀಕರಿಸುತ್ತಿತ್ತು; ಕಡಿಮೆ ಬೆಳಕನ್ನು ಸಹಿಸುತ್ತಿರಲಿಲ್ಲ. ಫಿಲ್ಮಿನ ಕಾಲದ ಅಭ್ಯಾಸವನ್ನೇ ಡಿಜಿಟಲ್ಲಿಗೆ ತಂದವರಿಗೆ ಆಕಾಶ ಪದೇಪದೇ ಬೆಳ್ಳಗಾಗುತ್ತಿದ್ದುದು ಇದರಿಂದ.

ಹಾಗಾದರೆ ಎಲ್ಲವನ್ನೂ ಸ್ವಲ್ಪ ಕಡಿಮೆ ಬೆಳಕಿನಲ್ಲೇ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಿದರಾಯಿತಲ್ಲ? ಇಲ್ಲಿ ಪ್ರಕೃತಿಯದೇ ಒಂದು ಕಟ್ಟಳೆ ಅಡ್ಡ ಬರುತ್ತದೆ. ಫೋಟಾನುಗಳು ಶಿಸ್ತಾಗಿ, ಸಮನಾಗಿ ಬರುವುದಿಲ್ಲ. ಮಳೆಹನಿಗಳಂತೆ ಹಿಂದುಮುಂದಾಗಿ ಬೀಳುತ್ತವೆ. ಸರಾಸರಿ 10,000 ಫೋಟಾನ್ ಬೀಳಬೇಕಾದಲ್ಲಿ ಪಿಕ್ಸೆಲಿನಿಂದ ಪಿಕ್ಸೆಲಿಗೆ ಸುಮಾರು 100ರ ಏರುಪೇರು ಇರುತ್ತದೆ, ಅಂದರೆ ನೂರಕ್ಕೆ ಒಂದು. ಸರಾಸರಿ 100 ಬೀಳಬೇಕಾದಲ್ಲಿ ಏರುಪೇರು 10, ಅಂದರೆ ನೂರಕ್ಕೆ ಹತ್ತು. ಏರುಪೇರು ಯಾವಾಗಲೂ ಎಣಿಕೆಯ ವರ್ಗಮೂಲದಷ್ಟು. ನೆರಳಿನ ಭಾಗಗಳಲ್ಲಿ ಕಾಣುವ ಮರಳು ಮರಳಾದ ನಾಯ್ಸ್ ಬಹುಪಾಲು ಇದೇ. ಕ್ಯಾಮೆರಾ ಎಷ್ಟೇ ದುಬಾರಿಯದಾಗಿರಲಿ, ಈ ಏರುಪೇರು ಬೆಳಕಿನೊಂದಿಗೇ ಬರುತ್ತದೆ.

ಐಎಸ್‌ಒ ಹೆಚ್ಚಿಸಿದರೆ ನಾಯ್ಸ್ ಹೆಚ್ಚುತ್ತದೆ ಎಂಬ ಮಾತನ್ನು ಎಲ್ಲರೂ ಕೇಳಿರುತ್ತೇವೆ. ನಿಜವಾದ ಕಾರಣ ಬೆಳಕಿನ ಕೊರತೆ. ಬೆಳಕು ಕಡಿಮೆಯಾದದ್ದರಿಂದ ನಾವು ಐಎಸ್‌ಒ ಏರಿಸುತ್ತೇವೆ; ಅದು ಚಿತ್ರವನ್ನು ಹಿಗ್ಗಿಸುವಾಗ ಏರುಪೇರನ್ನೂ ಹಿಗ್ಗಿಸಿ ತೋರಿಸುತ್ತದೆ. ಸಂಜೆ ಮಬ್ಬಿನಲ್ಲಿ ಓಡುವ ಮಗುವಿನ ಚಿತ್ರಕ್ಕೆ 1/250 ಬೇಕೇ ಬೇಕು ಎಂದಾದರೆ ಐಎಸ್‌ಒ 3200ಕ್ಕೆ ಏರಿಸಲು ಹಿಂಜರಿಯಬಾರದು. ನಾಯ್ಸ್ ಇರುವ ಚಿತ್ರವನ್ನು ನೋಡಬಹುದು, ಮಗು ಅಲುಗಿ ಮಸುಕಾದ ಚಿತ್ರದಿಂದ ಪ್ರಯೋಜನವಿಲ್ಲ. ಮೊಬೈಲುಗಳು ಈಗ ಇದೇ ಗಣಿತವನ್ನು ಜಾಣ್ಮೆಯಿಂದ ಬಳಸುತ್ತವೆ. ನೀವು ಒಮ್ಮೆ ಒತ್ತಿದರೂ ಅವು ಕಡಿಮೆ ಬೆಳಕಿನ ಹಲವು ಚಿತ್ರಗಳನ್ನು ಬೆನ್ನುಬೆನ್ನಿಗೆ ತೆಗೆದು, ಒಂದರ ಮೇಲೊಂದು ಹೊಂದಿಸಿ ಕೂಡಿಸುತ್ತವೆ. ಪ್ರತಿ ಚಿತ್ರವೂ ಕಡಿಮೆ ಬೆಳಕಿನದಾದ್ದರಿಂದ ಆಕಾಶ ಉಳಿಯುತ್ತದೆ. ಎಲ್ಲ ಕೂಡಿದಾಗ ನೆರಳಿನ ಏರುಪೇರು ತಗ್ಗುತ್ತದೆ.

ಮೀಟರಿನ ನಂಬಿಕೆ

ವೆಸ್ಟನ್ ಕಂಪನಿ 1932ರಲ್ಲಿ ಬೆಳಕನ್ನು ವಿದ್ಯುತ್ತಾಗಿಸಿ ಅಳೆಯುವ ಎಕ್ಸ್‌ಪೋಷರ್ ಮೀಟರನ್ನು ಮಾರುಕಟ್ಟೆಗೆ ತಂದಿತು. 1938ರ ಕೊಡಕ್ ಸೂಪರ್ ಸಿಕ್ಸ್-20 ತಾನೇ ಎಕ್ಸ್‌ಪೋಷರ್ ನಿರ್ಧರಿಸುವ ಮೊದಲ ಕ್ಯಾಮೆರಾ ಆಯಿತು. 1983ರಲ್ಲಿ ನಿಕಾನ್ ಎಫ್‌ಎ ದೃಶ್ಯವನ್ನು ಐದು ಭಾಗ ಮಾಡಿ ಬೇರೆ ಬೇರೆಯಾಗಿ ಅಳೆದು ಹೋಲಿಸುವ ಕ್ರಮ ತಂದಿತು. ಇಂದಿನ ಕ್ಯಾಮೆರಾ ಸಾವಿರಾರು ಬಿಂದುಗಳಲ್ಲಿ ಅಳೆಯುತ್ತದೆ, ಮುಖವನ್ನೂ ಗುರುತಿಸುತ್ತದೆ. ಆದರೆ ಈ ಎಲ್ಲದರ ತಳದಲ್ಲಿ ಹಳೆಯದೊಂದು ನಂಬಿಕೆ ಉಳಿದಿದೆ. ಎದುರಿಗಿರುವ ದೃಶ್ಯ, ಸರಾಸರಿಯಲ್ಲಿ, ನಡುಬೂದು ಬಣ್ಣದ್ದು ಎಂಬುದೇ ಆ ನಂಬಿಕೆ. ಸ್ಟುಡಿಯೊಗಳಲ್ಲಿ ಬಳಸುವ ಬೂದು ಕಾರ್ಡ್ ತನ್ನ ಮೇಲೆ ಬಿದ್ದ ಬೆಳಕಿನ ನೂರಕ್ಕೆ 18 ಭಾಗವನ್ನು ಮಾತ್ರ ಹಿಂತಿರುಗಿಸುತ್ತದೆ. ಕಣ್ಣಿಗೆ ಅದು ಕಪ್ಪು ಬಿಳುಪುಗಳ ಸರಿನಡುವೆ ಇದ್ದಂತೆ ಕಾಣುತ್ತದೆ.

ಮರ, ಮಣ್ಣು, ಮನೆ, ಜನ ಎಲ್ಲ ಬೆರೆತ ದೃಶ್ಯದಲ್ಲಿ ಈ ನಂಬಿಕೆ ಚೆನ್ನಾಗಿ ನಡೆಯುತ್ತದೆ. ಆದರೆ ಆಗುಂಬೆಯ ಬೆಳಗಿನ ಮಂಜಿಗೆ ಕ್ಯಾಮೆರಾ ಹಿಡಿಯಿರಿ. ಚೌಕಟ್ಟಿನ ತುಂಬ ಬಿಳುಪು. ಬೆಳಕು ಬಹಳವಿದೆ ಎಂದು ಮೀಟರ್ ತಿಳಿದು ಎಕ್ಸ್‌ಪೋಷರ್ ತಗ್ಗಿಸುತ್ತದೆ. ಮಂಜು ಹೊಗೆಯಂತೆ ಮಾಸಲಾಗುತ್ತದೆ. ಕಬಿನಿಯ ದಂಡೆಯಲ್ಲಿ ಒದ್ದೆ ಮೈಯ ಆನೆಯೊಂದು ಚೌಕಟ್ಟು ತುಂಬಿ ನಿಂತಾಗ ಇದಕ್ಕೆ ತಿರುಗುಮುರುಗು. ಕಪ್ಪು ಕಂಡು ಬೆಳಕು ಸಾಲದೆಂದು ಮೀಟರ್ ಎಕ್ಸ್‌ಪೋಷರ್ ಏರಿಸುತ್ತದೆ, ಆನೆಯ ಮೈ ತೊಳೆದ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಯಕ್ಷಗಾನದ ರಂಗಸ್ಥಳದಲ್ಲಿ ಇನ್ನೂ ಕಷ್ಟ. ಸುತ್ತ ರಾತ್ರಿಯ ಕತ್ತಲು, ನಡುವೆ ದೀಪದ ಬೆಳಕು ಬಿದ್ದ ಬಣ್ಣದ ಮುಖ. ಸರಾಸರಿ ಕಪ್ಪಾಗಿರುವುದರಿಂದ ಮೀಟರ್ ಎಕ್ಸ್‌ಪೋಷರ್ ಏರಿಸುತ್ತದೆ; ಗಂಟೆಗಟ್ಟಲೆ ಚೌಕಿಯಲ್ಲಿ ಕುಳಿತು ಬರೆದುಕೊಂಡ ಮುಖವರ್ಣಿಕೆ ಬಿಳಿಯಾಗಿ ಹೋಗುತ್ತದೆ.

ಪರಿಹಾರ ಬಹುತೇಕ ಎಲ್ಲ ಕ್ಯಾಮೆರಾಗಳಲ್ಲೂ ಇದೆ: ಕೂಡು-ಕಳೆ ಚಿಹ್ನೆಯ ಎಕ್ಸ್‌ಪೋಷರ್ ಕಾಂಪೆನ್ಸೇಶನ್. ಬಿಳಿಯದ್ದು ಬಿಳಿಯಾಗಿ ಬರಬೇಕಾದರೆ ಕೂಡಬೇಕು, ಕಪ್ಪು ಕಪ್ಪಾಗಿ ಬರಬೇಕಾದರೆ ಕಳೆಯಬೇಕು. ಮಂಜು, ಉಪ್ಪಿನ ಗದ್ದೆ, ಬಿಳಿ ಸೀರೆಯವರ ಗುಂಪಿಗೆ ಒಂದರಿಂದ ಒಂದೂವರೆ ಸ್ಟಾಪ್ ಕೂಡಿ. ಕಬಿನಿಯ ಆನೆಗೆ, ಕರಿಕಲ್ಲಿನ ವಿಗ್ರಹಕ್ಕೆ ಸುಮಾರು ಒಂದು ಸ್ಟಾಪ್ ಕಳೆಯಿರಿ. ರಂಗಸ್ಥಳದಲ್ಲಿ ಸ್ಪಾಟ್ ಮೀಟರಿಂಗಿಗೆ ಬದಲಿಸಿ ಮುಖವೊಂದನ್ನೇ ಅಳೆಯಿರಿ, ಇಲ್ಲವೇ ಒಂದೆರಡು ಸ್ಟಾಪ್ ಕಳೆಯಿರಿ. ಮೊಬೈಲಿನಲ್ಲಾದರೆ ಮುಖದ ಮೇಲೆ ಬೆರಳೊತ್ತಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಗೆಳೆದರೆ ಸಾಕು.

ಒಂದೇ ಅವಕಾಶ

ಯಾವುದನ್ನು ಉಳಿಸಿಕೊಳ್ಳಬೇಕೆಂಬ ತೀರ್ಮಾನ ಹೇಗಿರುತ್ತದೆ ಎಂಬುದಕ್ಕೆ ಫೋಟೊಗ್ರಫಿಯ ಚರಿತ್ರೆಯಲ್ಲೇ ಅತ್ಯಂತ ಪ್ರಸಿದ್ಧವಾದ ಉದಾಹರಣೆಯೊಂದಿದೆ. 1941ರ ಶರತ್ಕಾಲದ ಒಂದು ಸಂಜೆ ಅಮೆರಿಕದ ನ್ಯೂ ಮೆಕ್ಸಿಕೊದ ಹೆರ್ನಾಂಡೆಜ್ ಎಂಬ ಹಳ್ಳಿಯ ಬಳಿ ಫೋಟೊಗ್ರಾಫರ್ ಆ್ಯನ್ಸೆಲ್ ಆ್ಯಡಮ್ಸ್ ಕಾರಿನಲ್ಲಿ ಹೋಗುತ್ತಿದ್ದರು. ಪೂರ್ವದಲ್ಲಿ ಚಂದ್ರ ಮೇಲೇರಿದ್ದ. ಮುಳುಗುವ ಸೂರ್ಯನ ಕೊನೆಯ ಕಿರಣಗಳು ಹಳ್ಳಿಯ ಸ್ಮಶಾನದ ಬಿಳಿ ಶಿಲುಬೆಗಳ ಮೇಲಿದ್ದವು. ಕಾರು ನಿಲ್ಲಿಸಿ ಎಂಟು-ಹತ್ತು ಇಂಚಿನ ಫಿಲ್ಮಿನ ದೊಡ್ಡ ಕ್ಯಾಮೆರಾವನ್ನು ಅವಸರದಲ್ಲಿ ಹೂಡಿದರು. ಬೆಳಕಿನ ಮೀಟರ್ ಮಾತ್ರ ಸಿಗಲಿಲ್ಲ.

ಆದರೆ ಚಂದ್ರನ ಹೊಳಪು ಆ್ಯಡಮ್ಸ್‌ಗೆ ಗೊತ್ತಿತ್ತು: ಚದರಡಿಗೆ 250 ಕ್ಯಾಂಡಲ್. ಅದಕ್ಕೂ ಮುಂಚೆಯೇ ಅವರು ಫ್ರೆಡ್ ಆರ್ಚರ್ ಜೊತೆ ಸೇರಿ ಝೋನ್ ಸಿಸ್ಟಮ್ ಎಂಬ ಕ್ರಮ ರೂಪಿಸಿದ್ದರು. ಕಡುಗಪ್ಪಿನಿಂದ ಶುದ್ಧ ಬಿಳುಪಿನವರೆಗೆ 0ಯಿಂದ 10ರ ತನಕ ಮನೆಗಳು, ಒಂದೊಂದಕ್ಕೂ ಒಂದು ಸ್ಟಾಪಿನ ಅಂತರ, ನಡುಬೂದು 5ನೆಯದು. ಚಂದ್ರ ಬೆಳ್ಳಗಿರಬೇಕು, ಆದರೆ ಅದರ ಮೈಮೇಲಿನ ಕಲೆಗಳು ಅಳಿಸಬಾರದು. ಹಾಗಾಗಿ ಅದನ್ನು 7ನೆಯ ಮನೆಗಿಟ್ಟರು. 7ರಲ್ಲಿ 250 ಎಂದರೆ ಎರಡು ಸ್ಟಾಪ್ ಕೆಳಗಿನ 5ರಲ್ಲಿ ಸುಮಾರು 60. 64 ವೇಗದ ಫಿಲ್ಮಿಗೆ ಅದು ಎಫ್/8ರಲ್ಲಿ 1/60 ಸೆಕೆಂಡು. ಲೆನ್ಸಿನ ಮುಂದಿನ ಫಿಲ್ಟರ್ ಬೆಳಕನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸುವುದರಿಂದ 1/20. ಕಂಡಿಯನ್ನು ಎಫ್/32ಕ್ಕೆ ಕಿರಿದು ಮಾಡಿದರೆ ನಾಲ್ಕು ಸ್ಟಾಪ್ ನಷ್ಟ. ಅದನ್ನು ತುಂಬಲು ಹದಿನಾರು ಪಟ್ಟು ಹೊತ್ತು, ಅಂದರೆ ಸರಿಸುಮಾರು ಒಂದು ಸೆಕೆಂಡು. ಇಷ್ಟನ್ನೂ ತಲೆಯಲ್ಲೇ ಲೆಕ್ಕ ಹಾಕಿ ಶಟರ್ ಒತ್ತಿದರು. ಎರಡನೆಯ ಫಿಲ್ಮಿಗೆ ಸಿದ್ಧರಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಆರಿತು.

'ಮೂನ್‌ರೈಸ್, ಹೆರ್ನಾಂಡೆಜ್, ನ್ಯೂ ಮೆಕ್ಸಿಕೊ' ಎಂದು ಆ ಚಿತ್ರ ಜಗತ್ಪ್ರಸಿದ್ಧವಾಯಿತು. ಚಂದ್ರನ ಸ್ಥಾನವನ್ನು ಅಳೆದು ಅದನ್ನು ತೆಗೆದದ್ದು ನವೆಂಬರ್ 1ರ ಸಂಜೆ 4 ಗಂಟೆ 49 ನಿಮಿಷಕ್ಕೆ ಎಂದು ಮುಂದೆ ಲೆಕ್ಕ ಹಾಕಲಾಯಿತು. ಚಂದ್ರನನ್ನು ಉಳಿಸಿಕೊಂಡದ್ದಕ್ಕೆ ಆ್ಯಡಮ್ಸ್ ಬೆಲೆಯನ್ನೂ ತೆತ್ತರು. ಮುನ್ನೆಲೆಗೆ ಬೆಳಕು ಸಾಲದೆ ನೆಗೆಟಿವ್ ಆ ಭಾಗದಲ್ಲಿ ತೆಳುವಾಗಿತ್ತು, ಮುದ್ರಿಸುವುದು ಕಷ್ಟವಾಗಿತ್ತು. 1948ರಲ್ಲಿ ಅವರು ಆ ಭಾಗವನ್ನು ರಾಸಾಯನಿಕದಿಂದ ಗಾಢಗೊಳಿಸಬೇಕಾಯಿತು. ಹೋದರೆ ಮರಳಿ ಬಾರದ್ದು ಯಾವುದು, ಶ್ರಮಪಟ್ಟರೆ ಮರಳಿ ತರಬಹುದಾದದ್ದು ಯಾವುದು ಎಂಬ ಅರಿವು ಅವರಿಗಿತ್ತು. ಮೀಟರ್ ಸಿಕ್ಕಿದ್ದರೂ ಆ ಅರಿವನ್ನು ಅದು ಕೊಡುತ್ತಿರಲಿಲ್ಲ.

ಬೆನ್ನ ಹಿಂದಿನ ಗುಡ್ಡ

ಡಿಜಿಟಲ್ ಕ್ಯಾಮೆರಾ ನಮಗೆ ಆ್ಯಡಮ್ಸ್‌ಗೆ ಇಲ್ಲದ ಒಂದು ಅನುಕೂಲ ಕೊಟ್ಟಿದೆ. ತೆಗೆದ ಮರುಕ್ಷಣವೇ ಫಲಿತಾಂಶ ನೋಡಬಹುದು. ಆದರೆ ಬೆನ್ನಿನ ಪರದೆಯನ್ನು ನಂಬುವಂತಿಲ್ಲ. ಬಿಸಿಲಿನಲ್ಲಿ ಒಳ್ಳೆಯ ಚಿತ್ರವೂ ಮಂಕಾಗಿ ಕಾಣುತ್ತದೆ, ಕತ್ತಲಲ್ಲಿ ಮಂಕಾದದ್ದೂ ಝಗಝಗಿಸುತ್ತದೆ. ನಂಬಬೇಕಾದದ್ದು ಹಿಸ್ಟೋಗ್ರಾಮ್ ಎಂಬ ರೇಖಾಚಿತ್ರವನ್ನು. ಎಡತುದಿ ಕಪ್ಪು, ಬಲತುದಿ ಬಿಳುಪು. ಯಾವ ಹೊಳಪಿನ ಪಿಕ್ಸೆಲ್ಲುಗಳು ಎಷ್ಟಿವೆ ಎಂಬುದೇ ಗುಡ್ಡದ ಎತ್ತರ. ಗುಡ್ಡದ ಆಕಾರಕ್ಕೆ ಸರಿ ತಪ್ಪು ಎಂಬುದಿಲ್ಲ. ಮಂಜಿನ ಚಿತ್ರದಲ್ಲಿ ಅದು ಬಲಕ್ಕೆ, ಯಕ್ಷಗಾನದ ಚಿತ್ರದಲ್ಲಿ ಎಡಕ್ಕೆ ಇರುವುದೇ ಸರಿ. ಗಮನಿಸಬೇಕಾದದ್ದು ತುದಿಗಳನ್ನು. ಗುಡ್ಡ ಬಲಗೋಡೆಗೆ ಒತ್ತಿ ಕಡಿದುಹೋಗಿದ್ದರೆ ಅಲ್ಲಿ ಪಿಕ್ಸೆಲ್ಲುಗಳು ತುಂಬಿ ಹರಿದಿವೆ.

ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಹಿಸ್ಟೋಗ್ರಾಮ್ ತೋರಿಸುವ ಕ್ಯಾಮೆರಾ ಇದ್ದರೆ ಅದನ್ನೇ ನೋಡಿ. ಕೊಡಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಂತೆ ಇಂದಿಗೂ ಬಹುಪಾಲು ಸೆನ್ಸರುಗಳಲ್ಲಿ ಅರ್ಧ ಪಿಕ್ಸೆಲ್ಲುಗಳ ಮೇಲೆ ಹಸಿರು, ಕಾಲುಭಾಗದ ಮೇಲೆ ಕೆಂಪು, ಕಾಲುಭಾಗದ ಮೇಲೆ ನೀಲಿ ಸೋಸುಕಗಳಿವೆ. ಮದುಮಗಳ ಕೆಂಪು ಧಾರೆ ಸೀರೆ ಬಿಸಿಲಿಗೆ ಬಂದಾಗ ಕೆಂಪು ಪಿಕ್ಸೆಲ್ಲುಗಳು ಮಾತ್ರ ತುಂಬಿಹೋಗಬಹುದು. ಒಟ್ಟು ಹಿಸ್ಟೋಗ್ರಾಮ್ ಏನೂ ಆಗಿಲ್ಲ ಎಂದೇ ತೋರಿಸುತ್ತದೆ. ಸೀರೆಯ ನೇಯ್ಗೆ ಮಾತ್ರ ಕಾಣದಂತಾಗಿ ಕೆಂಪು ಮುದ್ದೆ ಉಳಿಯುತ್ತದೆ. ಚೆಂಡುಹೂವಿಗೂ ಕುಂಕುಮಕ್ಕೂ ಇದೇ ಎಚ್ಚರ ಬೇಕು.

ಇಷ್ಟನ್ನು ಒಂದು ಕ್ರಮವಾಗಿ ಹೇಳಬಹುದು. ಮೊದಲು, ಚಿತ್ರ ಯಾವುದರದು ಎಂದು ನಿರ್ಧರಿಸಿ. ಚಲನೆ ಮುಖ್ಯವಾದರೆ ಶಟರನ್ನೂ ಆಳ ಮುಖ್ಯವಾದರೆ ಅಪರ್ಚರನ್ನೂ ಮೊದಲು ಹಿಡಿಯಿರಿ. ಅವೆರಡೂ ಒಪ್ಪುವ ಮಟ್ಟಿಗೆ ಬೆಳಕನ್ನು ಧಾರಾಳವಾಗಿ ಒಳಗೆ ಬಿಡಿ. ಕೊರತೆ ಉಳಿದರೆ ಮಾತ್ರ ಐಎಸ್‌ಒ ಏರಿಸಿ. ವಿವರ ಉಳಿಯಲೇಬೇಕಾದ ಅತ್ಯಂತ ಬೆಳ್ಳನೆಯ ಜಾಗ ಯಾವುದೆಂದು ಗುರುತಿಸಿ, ಅದು ಬಲಗೋಡೆಗೆ ತಾಗದಂತೆ ಕೂಡಿ ಅಥವಾ ಕಳೆಯಿರಿ. ರಾ ಫೈಲ್ (ಸೆನ್ಸರ್ ಕೊಟ್ಟದ್ದನ್ನು ತಿದ್ದದೆ ಉಳಿಸುವ ಕಡತ) ತೆಗೆಯುವವರು ಗೋಡೆಯ ಸಮೀಪದವರೆಗೂ ಹೋಗಬಹುದು. ಹೆಚ್ಚು ಫೋಟಾನ್ ಎಂದರೆ ಕಡಿಮೆ ಏರುಪೇರು. ಕಂಪ್ಯೂಟರಿನಲ್ಲಿ ತಗ್ಗಿಸಿದ ಮೇಲೂ ನೆರಳುಗಳು ನಿರ್ಮಲವಾಗಿ ಉಳಿಯುತ್ತವೆ. ಜೆಪೆಗ್ ಮಾತ್ರ ತೆಗೆಯುವವರು ಸ್ವಲ್ಪ ಹಿಂದೆಯೇ ನಿಲ್ಲಲಿ, ಏಕೆಂದರೆ ಅದರಲ್ಲಿ ಬಣ್ಣವೊಂದಕ್ಕೆ 256 ಮೆಟ್ಟಿಲುಗಳಷ್ಟೇ ಇವೆ, ಆಮೇಲೆ ತಿದ್ದಲು ಜಾಗ ಕಡಿಮೆ. ಕೊನೆಯದಾಗಿ, ದೀಪದ ಕುಡಿ, ಆಭರಣದ ಮಿಂಚು, ನೀರಿನ ಮೇಲಿನ ಬಿಸಿಲ ಹೊಳಪು ಇವು ಬಿಳಿಯಾಗಿ ಹೋದರೆ ಹೋಗಲಿ. ಅವನ್ನು ಉಳಿಸಲು ಹೊರಟರೆ ಉಳಿದೆಲ್ಲ ಕತ್ತಲಾಗುತ್ತದೆ.

ಯಾರ ಮುಖಕ್ಕೆ ಸರಿ?

'ಸರಿಯಾದ' ಎಕ್ಸ್‌ಪೋಷರ್ ಎಂಬುದರ ಹಿಂದೆ ಯಾರದೋ ಒಂದು ಆಯ್ಕೆ ಇದ್ದೇ ಇರುತ್ತದೆ. ಕಳೆದ ಶತಮಾನದ ನಡುಭಾಗದಿಂದ ಕೊಡಕ್ ತನ್ನ ಮುದ್ರಣ ಪ್ರಯೋಗಾಲಯಗಳಿಗೆ ಮಾದರಿ ಕಾರ್ಡುಗಳನ್ನು ಕಳಿಸುತ್ತಿತ್ತು. ಅವುಗಳಲ್ಲಿ ಬಿಳಿ ಮೈಬಣ್ಣದ ಹೆಣ್ಣೊಬ್ಬಳ ಫೋಟೊ. 'ಶರ್ಲಿ ಕಾರ್ಡ್' ಎಂದೇ ಅವು ಹೆಸರಾದವು. ಆ ಮುಖ ಚೆನ್ನಾಗಿ ಬಂದರೆ ಯಂತ್ರ ಸರಿಯಿದೆ ಎಂದು ಲೆಕ್ಕ. ಅಂಥ ಹೊಂದಿಕೆಯಲ್ಲಿ ಕಪ್ಪು ಮೈಬಣ್ಣದವರ ಮುಖದ ವಿವರ ನೆರಳಿನಲ್ಲಿ ಮುಳುಗಿಹೋಗುತ್ತಿತ್ತು. ಹಲವು ಮೈಬಣ್ಣದವರನ್ನು ಒಳಗೊಂಡ ಕಾರ್ಡುಗಳು ಬಂದದ್ದು ದಶಕಗಳ ನಂತರ. ಆ್ಯಡಮ್ಸ್‌ರ ಝೋನ್ ಸಿಸ್ಟಮಿನಲ್ಲೂ ಬಿಳಿಯರ ಮೈಬಣ್ಣಕ್ಕೆ 6ನೆಯ ಮನೆ, ಕಪ್ಪು ಮೈಬಣ್ಣಕ್ಕೆ 5. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 6 ಫೋನಿನಲ್ಲಿ ಎಲ್ಲ ಮೈಬಣ್ಣಗಳನ್ನು ನಿಜವಾಗಿ ತೋರಿಸುವ ಪ್ರಯತ್ನವನ್ನು ಒಂದು ಸೌಲಭ್ಯವಾಗಿಯೇ ಪ್ರಕಟಿಸಿತು. ಕ್ಯಾಮೆರಾದ ಇಷ್ಟು ದೀರ್ಘ ಚರಿತ್ರೆಯಲ್ಲಿ ಅದು ಇಷ್ಟು ತಡವಾಗಿ ಬಂತೆಂಬುದನ್ನು ಗಮನಿಸಬೇಕು.

ನಮ್ಮ ನಾಡಿನಲ್ಲಿ ಇದು ದಿನನಿತ್ಯದ ಪ್ರಶ್ನೆ. ಒಂದೇ ಮನೆಯ ಗುಂಪುಚಿತ್ರದಲ್ಲಿ ಗೋಧಿ, ಎಣ್ಣೆಗೆಂಪು, ಕಪ್ಪು ಎಲ್ಲ ಮೈಬಣ್ಣಗಳೂ ಇರುತ್ತವೆ. ಹಿಂದೆ ಬಿಳಿ ಗೋಡೆ, ಮೈಮೇಲೆ ಬಿಳಿ ಅಂಗಿ ಇದ್ದಾಗ ಮೀಟರ್ ಬೆಳಕು ತಗ್ಗಿಸುತ್ತದೆ. ಗುಂಪಿನಲ್ಲಿ ಎಲ್ಲರಿಗಿಂತ ಕಪ್ಪಗಿರುವವರ ಕಣ್ಣು, ನಗು ಎಲ್ಲಕ್ಕಿಂತ ಮೊದಲು ಕಳೆದುಹೋಗುತ್ತವೆ. ಇನ್ನೊಂದು ತಪ್ಪೂ ಅಷ್ಟೇ ದೊಡ್ಡದು. ಕಪ್ಪು ಮುಖವನ್ನು ಬೇಕೆಂದೇ ಬೆಳ್ಳಗೆ ಮಾಡಿ ಕೊಡುವ ಸ್ಟುಡಿಯೊ ಪದ್ಧತಿ ಆ ವ್ಯಕ್ತಿಯ ಚಿತ್ರವನ್ನೇ ಅವರಿಂದ ಕಿತ್ತುಕೊಳ್ಳುತ್ತದೆ.

ಎರಡನ್ನೂ ತಪ್ಪಿಸುವ ಸುಲಭ ಉಪಾಯವೊಂದಿದೆ: ಮುಖವನ್ನು ಬಿಟ್ಟು, ಮುಖದ ಮೇಲೆ ಬೀಳುವ ಬೆಳಕನ್ನು ಅಳೆಯುವುದು. ಬೂದು ಕಾರ್ಡ್ ಇದ್ದರೆ ಅದನ್ನು ಮುಖದ ಬಳಿ ಹಿಡಿದು ಅಳೆಯಿರಿ. ಇಲ್ಲವಾದರೆ ನಿಮ್ಮ ಅಂಗೈಯನ್ನು ಅದೇ ಬೆಳಕಿಗೊಡ್ಡಿ ಅಳೆದು ಸುಮಾರು ಒಂದು ಸ್ಟಾಪ್ ಕೂಡಿ. ಮೈಬಣ್ಣ ಎಷ್ಟೇ ಬೇರೆಯಾದರೂ ಅಂಗೈಯ ಬಣ್ಣದಲ್ಲಿ ಅಷ್ಟು ವ್ಯತ್ಯಾಸವಿಲ್ಲ. ಅದು ನಡುಬೂದಿಗಿಂತ ಹೆಚ್ಚುಕಡಿಮೆ ಒಂದು ಸ್ಟಾಪ್ ಬೆಳ್ಳಗಿರುತ್ತದೆ. ಆ ಎಕ್ಸ್‌ಪೋಷರನ್ನು ಮ್ಯಾನ್ಯುಯಲ್ಲಿನಲ್ಲಿ ಕಟ್ಟಿಹಾಕಿ. ಆಗ ಬೆಳ್ಳಗಿರುವವರು ಬೆಳ್ಳಗೆ, ಕಪ್ಪಗಿರುವವರು ಕಪ್ಪಗೆ, ಎಲ್ಲರ ಮುಖದ ಗೆರೆಯೂ ಹೊಳಪೂ ಇದ್ದಂತೆಯೇ ಬರುತ್ತವೆ.

ಹಾಗೆ ಮಾಡಿದಾಗ ಹಿಂದಿನ ಕಿಟಕಿ ಬಿಳಿಯಾಗಿ ಹೋಗಬಹುದು, ಅಂಗಿಯ ಅಂಚಿನ ವಿವರ ತಪ್ಪಬಹುದು. ಹೋಗಲಿ. ಬೆಳಕು ಎಲ್ಲರಿಗೂ ಸಾಲದಿದ್ದಾಗ ಯಾವುದನ್ನು ಬಿಟ್ಟುಕೊಡಬೇಕು ಎಂಬುದು ಪ್ರತಿ ಚಿತ್ರದಲ್ಲೂ ಬರುವ ಪ್ರಶ್ನೆ. ಗೋಡೆಗಾಗಿ ಮನುಷ್ಯರ ಮುಖವನ್ನು ಬಿಟ್ಟುಕೊಟ್ಟ ಚಿತ್ರದ ಹಿಸ್ಟೋಗ್ರಾಮ್ ಎಷ್ಟೇ ಅಚ್ಚುಕಟ್ಟಾಗಿರಲಿ, ಅದರ ಎಕ್ಸ್‌ಪೋಷರ್ ತಪ್ಪು.